ಡ್ರ್ಯಾಗನ್ ಸತ್ತಿತು, ಇನ್ನು ಅದರ ನಿಧಿಯನ್ನು ಏನು ಮಾಡುವುದು?

ಪ್ರಶ್ನೆ: ಭಾನುವಾರಗಳಂದು ಮೈಸೂರಿನ ಸರಸ್ವತಿಪುರಂನಲ್ಲಿ ಗೆಳೆಯನ ಮನೆ ಮಹಡಿಯಲ್ಲಿ ಸೇರಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡುತ್ತೇವೆ, ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ ದಾಳ ಹಾಕುತ್ತಾ ಕಥೆ ಕಟ್ಟುವ ಆಟ. ಆಟಗಾರರು ಐದು ಜನ, ನಾನು ಡಂಜನ್ ಮಾಸ್ಟರ್, ಅಂದರೆ ಕಥೆ ನಡೆಸುವವನು. ಐದನೇ ಆವೃತ್ತಿ, 2014ರ ನಿಯಮಗಳು. ಎಲ್ಲರೂ 13ನೇ ಲೆವೆಲ್. ಹೊಳೆ ದಂಡೆಯ ಊರುಗಳನ್ನು ಮೂರು ತಲೆಮಾರಿನಿಂದ ಸುಟ್ಟು ದೋಚುತ್ತಿದ್ದ ವಯಸ್ಕ ಕೆಂಪು ಡ್ರ್ಯಾಗನ್ನನ್ನು ಕಳೆದ ವಾರ ಕೊಂದರು. ಕ್ಲೆರಿಕ್ (ದೈವಶಕ್ತಿಯಿಂದ ಮಂತ್ರ ಹಾಕುವ ಅರ್ಚಕ) ಪಾತ್ರದ ಹುಟ್ಟೂರೂ ಅದರ ಬೆಂಕಿಗೆ ಹೋದದ್ದೇ. ಮುಂದಿನ ಭಾನುವಾರ ಗುಹೆಯೊಳಕ್ಕೆ ಕಾಲಿಡುತ್ತಾರೆ. ನಿಯಮಪುಸ್ತಕದ ನಿಧಿ ಪಟ್ಟಿಯ ಪ್ರಕಾರ ದಾಳ ಹಾಕಿದರೆ ಮೂರು ಲಕ್ಷ ಚಿನ್ನದ ನಾಣ್ಯಕ್ಕೂ ಹೆಚ್ಚು ಬೆಲೆ ಬರುತ್ತಿದೆ. ಅಷ್ಟು ಕೊಟ್ಟರೆ ಆಟ ಕೆಡುತ್ತದೆ ಅನ್ನುವ ಭಯ, ಕಡಿಮೆ ಮಾಡಿದರೆ ಎಲ್ಲರಿಗೂ ನಿರಾಸೆ. ಜೊತೆಗೆ, ರೋಗ್, ಅಂದರೆ ಕೈಚಳಕದ ಕಳ್ಳಿಯ ಪಾತ್ರ ಆಡುವವಳು ಒಂದೆರಡು ಹರಳನ್ನು ಯಾರಿಗೂ ಗೊತ್ತಾಗದಂತೆ ಇಟ್ಟುಕೊಳ್ಳುತ್ತೇನೆ ಎಂದು ನನಗೊಬ್ಬನಿಗೇ ಮೆಸೇಜ್ ಮಾಡಿದ್ದಾಳೆ. ಹೇಗೆ ನಿಭಾಯಿಸಲಿ?
ಮಂಡ್ಯದ ಓದುಗರು

ಉತ್ತರ: ನಿಧಿಯನ್ನು ಕಡಿಮೆ ಮಾಡಬೇಡಿ. ಮೂರು ತಲೆಮಾರು ಊರೂರು ದೋಚಿದ ಡ್ರ್ಯಾಗನ್ನಿನ ಗುಹೆಯಲ್ಲಿ ಎರಡು ಕುಡಿಕೆ ಚಿನ್ನ ಸಿಕ್ಕರೆ, ಅದು ಅಷ್ಟು ಊರು ದೋಚಿದ್ದು ನಿಜವೇ ಎಂದು ನಿಮ್ಮ ಆಟಗಾರರಿಗೇ ಅನುಮಾನ ಬರುತ್ತದೆ. ಅಷ್ಟು ದಿನ ಕಟ್ಟಿದ ಕಥೆ ಅಲ್ಲೇ ಸಡಿಲವಾಗುತ್ತದೆ. ಪೂರ್ತಿ ಮೂರು ಲಕ್ಷದ ಬೆಲೆ ಗುಹೆಯಲ್ಲಿರಲಿ. ಆದರೆ ಅದು ನಾಣ್ಯದ ರೂಪದಲ್ಲಿ ಇರುವುದು ಬೇಡ. ಸಿಗುವ ವಸ್ತುಗಳಿಗೆ ತೂಕ ಇರಲಿ, ಅದನ್ನು ಕಳೆದುಕೊಂಡವರೊಬ್ಬರು ಇರಲಿ. ನಿಮ್ಮ ಭಯದ ಮುಕ್ಕಾಲು ಪಾಲು ಅಷ್ಟಕ್ಕೇ ಕಳೆಯುತ್ತದೆ.

ಭಯಕ್ಕೆ ಕಾರಣ ಏನೆಂದು ಮೊದಲು ನೋಡೋಣ. ವಯಸ್ಕ ಕೆಂಪು ಡ್ರ್ಯಾಗನ್ನಿನ ಚಾಲೆಂಜ್ ರೇಟಿಂಗ್, ಅಂದರೆ ಎದುರಾಳಿ ಎಷ್ಟು ಬಲಶಾಲಿ ಎಂದು ಹೇಳುವ ಅಂಕ, 17. ಹಾಗಾಗಿ ನಿಧಿ ಪಟ್ಟಿಗಳಲ್ಲಿ ಕೊನೆಯದು, ಅಂದರೆ ದೊಡ್ಡದು, ಅದಕ್ಕೆ ಅನ್ವಯಿಸುತ್ತದೆ. ಆರು ಮುಖದ ಹನ್ನೆರಡು ದಾಳ ಹಾಕಿ ಸಾವಿರದಿಂದ ಗುಣಿಸಿದರೆ ಚಿನ್ನ, ಎಂಟು ದಾಳ ಹಾಕಿ ಸಾವಿರದಿಂದ ಗುಣಿಸಿದರೆ ಪ್ಲಾಟಿನಂ. ಸರಾಸರಿ 42,000 ಚಿನ್ನ, 28,000 ಪ್ಲಾಟಿನಂ. ಒಂದು ಪ್ಲಾಟಿನಂ ಹತ್ತು ಚಿನ್ನಕ್ಕೆ ಸಮ, ಒಟ್ಟು 3,22,000. ಐವರಿಗೆ ಹಂಚಿದರೆ ತಲೆಗೆ 64,400. ನಿಯಮಪುಸ್ತಕದ ಸಾಮಾನ್ಯ ಸಾಮಾನುಗಳಲ್ಲಿ ಅತಿ ದುಬಾರಿ ಕವಚ ಪ್ಲೇಟ್ ಆರ್ಮರ್, ಅದರ ಬೆಲೆ 1,500. ಒಬ್ಬೊಬ್ಬರೂ ನಲವತ್ತೆರಡು ಕವಚ ಕೊಳ್ಳಬಹುದು, ಬೇಕಾಗಿರುವುದು ಒಂದೇ. ಮಿಕ್ಕ ಹಣಕ್ಕೆ ಮಾಡಲು ಕೆಲಸವೇ ಇಲ್ಲ. ಆಟ ಕೆಡುವುದು ಹಣ ಹೆಚ್ಚಾಗಿದ್ದಕ್ಕಲ್ಲ, ಹಣಕ್ಕೆ ಕೆಲಸ ಇಲ್ಲದ್ದಕ್ಕೆ.

ಮೊದಲು ಹೀಗಿರಲಿಲ್ಲ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಈ ಆಟವನ್ನು ಹೊರತಂದಾಗ ಅನುಭವದ ಅಂಕಗಳಲ್ಲಿ ದೊಡ್ಡ ಪಾಲು ಬರುತ್ತಿದ್ದುದೇ ನಿಧಿಯಿಂದ. ಒಂದು ಚಿನ್ನದ ನಾಣ್ಯ ಹೊರತಂದರೆ ಒಂದು ಅಂಕ. ಆಮೇಲಿನ ಅಡ್ವಾನ್ಸ್ಡ್ ನಿಯಮಗಳಲ್ಲಿ ಹತ್ತು ನಾಣ್ಯ ಒಂದು ಪೌಂಡ್ ತೂಗುತ್ತಿದ್ದವು. ರಾಕ್ಷಸನನ್ನು ಕೊಂದರೂ ನಿಧಿ ಹೊರಗೆ ಬರದಿದ್ದರೆ ಹೆಚ್ಚೇನೂ ಸಿಗುತ್ತಿರಲಿಲ್ಲ, ಕೊಲ್ಲದೆ ನಿಧಿ ತಂದರೆ ಲೆವೆಲ್ ಏರುತ್ತಿತ್ತು. ಆದ್ದರಿಂದ ಹೇಸರಗತ್ತೆ, ಆಳು, ಹಗ್ಗ, ದೀವಟಿಗೆ, ದಾರಿಕಾವಲು, ಇವೆಲ್ಲ ಆಟದ ಹೃದಯವೇ ಆಗಿದ್ದವು. ಐದನೇ ಆವೃತ್ತಿಯಲ್ಲಿ ಅಂಕ ಬರುವುದು ಮುಖ್ಯವಾಗಿ ಕಾಳಗದಿಂದ, ಇಲ್ಲವೇ ಡಂಜನ್ ಮಾಸ್ಟರ್ ಇಟ್ಟ ಮೈಲಿಗಲ್ಲುಗಳಿಂದ. ಚಿನ್ನ ತನ್ನ ಹಳೆಯ ಹುದ್ದೆ ಕಳೆದುಕೊಂಡಿದೆ. ಅದಕ್ಕೆ ಹೊಸ ಹುದ್ದೆ ಕೊಡುವುದು ನಿಮ್ಮ ಕೈಯಲ್ಲಿದೆ.

ತೂಕದಿಂದ ಶುರುಮಾಡಿ. ಈಗಿನ ನಿಯಮದಲ್ಲಿ ಐವತ್ತು ನಾಣ್ಯಕ್ಕೆ ಒಂದು ಪೌಂಡ್. ಎಪ್ಪತ್ತು ಸಾವಿರ ನಾಣ್ಯ ಅಂದರೆ 1,400 ಪೌಂಡ್, ಹತ್ತಿರ ಹತ್ತಿರ 635 ಕೆ.ಜಿ. ಇದೆಷ್ಟು ಭಾರ ಎಂದು ಮೈಸೂರಿನವರಿಗೆ ಬಿಡಿಸಿ ಹೇಳಬೇಕಿಲ್ಲ: ವಿಜಯದಶಮಿಯ ದಿನ ದಸರಾ ಆನೆ ಹೊರುವ ಚಿನ್ನದ ಅಂಬಾರಿ ಸುಮಾರು 750 ಕೆ.ಜಿ. ನಿಯಮಪುಸ್ತಕದಲ್ಲಿ 200 ಚಿನ್ನಕ್ಕೆ ಸಿಗುವ ಆನೆ ಹೊರುವುದು 1,320 ಪೌಂಡ್, 600 ಕೆ.ಜಿ.ಗೆ ಒಂದು ಕೂದಲೆಳೆ ಕಡಿಮೆ. ಅಂದರೆ ಈ ನಾಣ್ಯಗಳ ರಾಶಿ ಒಂದು ಆನೆಗೂ ಜಾಸ್ತಿ. ದಸರಾಕ್ಕೆ ಮುಂಚೆ ವಾರಗಟ್ಟಲೆ ನಡೆಯುವ ತಾಲೀಮನ್ನು ನೀವು ನೋಡಿರುತ್ತೀರಿ: ಬೆನ್ನಿಗೆ ಗಾದಿ, ನಮ್ದಾ ಬಿಗಿದು, ಮರಳು ಮೂಟೆಗಳನ್ನು ದಿನದಿಂದ ದಿನಕ್ಕೆ ಹೆಚ್ಚಿಸುತ್ತಾ ಅರಮನೆಯಿಂದ ಬನ್ನಿಮಂಟಪದವರೆಗೆ ನಡೆಸುತ್ತಾರೆ. ಅಷ್ಟು ಭಾರವನ್ನು ನೇರ ದಾರಿಯಲ್ಲಿ ಕೆಲವು ಕಿಲೋಮೀಟರ್ ಸಾಗಿಸಲು ಅಷ್ಟು ಸಿದ್ಧತೆ, ಅಷ್ಟು ಮಾವುತರು, ಕಾವಾಡಿಗರು. ನಿಮ್ಮ ಐವರು ಗುಡ್ಡದ ಗುಹೆಯಿಂದ ಇಳಿಸಬೇಕು.

ಆದರೆ ಇಲ್ಲೊಂದು ತೂತಿದೆ, 13ನೇ ಲೆವೆಲ್ಲಿನ ಆಟಗಾರರು ಐದು ನಿಮಿಷದಲ್ಲಿ ಅದನ್ನು ಹಿಡಿಯುತ್ತಾರೆ. ಅವರ ಬಳಿ ಬ್ಯಾಗ್ ಆಫ್ ಹೋಲ್ಡಿಂಗ್ ಎಂಬ ಮಾಂತ್ರಿಕ ಚೀಲ ಇದ್ದೇ ಇರುತ್ತದೆ. ಅದರಲ್ಲಿ 500 ಪೌಂಡ್ ಹಿಡಿಯುತ್ತದೆ, ಹೊರಗಿನ ಚೀಲದ ತೂಕ ಮಾತ್ರ ಹದಿನೈದೇ ಪೌಂಡ್. ಐನೂರು ಪೌಂಡಿಗೆ 25,000 ನಾಣ್ಯ. ಪ್ಲಾಟಿನಂ ಮೊದಲು ತುಂಬಿದರೆ 2,50,000 ಚಿನ್ನದ ಬೆಲೆ ಒಂದೇ ಚೀಲದಲ್ಲಿ ಹೆಗಲೇರುತ್ತದೆ. ನಿಧಿಯ ಮುಕ್ಕಾಲಿಗಿಂತ ಹೆಚ್ಚು ಹತ್ತು ನಿಮಿಷದಲ್ಲಿ ಹೊರಗೆ. ಆಮೇಲೆ ಆನೆ, ಗಾಡಿ, ದಾರಿ ಎಂದು ನೀವು ಏನು ಯೋಚಿಸಿದ್ದರೂ ವ್ಯರ್ಥ. ಪಟ್ಟಿಯಲ್ಲಿ ಪ್ಲಾಟಿನಂ ಇರುವುದು ಡಂಜನ್ ಮಾಸ್ಟರ್ ಲೆಕ್ಕ ಬರೆಯುವುದಕ್ಕೆ ಅನುಕೂಲವಾಗಲಿ ಎಂದು, ಕಥೆಗೆ ಅದರಿಂದ ಏನೂ ಸಿಗುವುದಿಲ್ಲ. ಆದ್ದರಿಂದ ನನ್ನ ಸಲಹೆ: ಪ್ಲಾಟಿನಂ ಪೂರ್ತಿ ತೆಗೆದುಹಾಕಿ, ಅಷ್ಟೇ ಬೆಲೆಯನ್ನು ಬೇರೆ ರೂಪಕ್ಕೆ ತಿರುಗಿಸಿ.

ನಾನಾದರೆ ನಿಮ್ಮ ನಿಧಿಯನ್ನು ಹೀಗೆ ಕಟ್ಟುತ್ತೇನೆ. ನಾಣ್ಯದಲ್ಲಿ ಚಿನ್ನ 12,000, ಬೆಳ್ಳಿ 80,000, ತಾಮ್ರ ಒಂದು ಲಕ್ಷ. ಕೇಳಲು ಎಷ್ಟು ದೊಡ್ಡದು! ಕಾಲಿಟ್ಟರೆ ಮೊಣಕಾಲುದ್ದ ಹೂತುಹೋಗುವ ರಾಶಿ. ಬೆಲೆ ಮಾತ್ರ 21,000, ತೂಕ 3,840 ಪೌಂಡ್. ಹರಳುಗಳು ಇನ್ನೊಂದು 21,000ಕ್ಕೆ, ಅದರಲ್ಲಿ ಸಾವಿರ ಬೆಲೆಯ ಒಂಬತ್ತು ವಜ್ರ. ಒಡವೆ, ಪಾತ್ರೆ, ವಿಗ್ರಹ, ಕುಸುರಿ ಸಾಮಾನು 60,000ಕ್ಕೆ. ಚಿನ್ನದ ತಗಡು ಹೊದಿಸಿದ ಒಂದು ಸಿಂಹಾಸನ, ಒಂದು ಲಕ್ಷ. ಉಳಿದ 1,20,000ಕ್ಕೆ ಒಂದು ತಾಮ್ರಶಾಸನ.

ತಾಮ್ರಶಾಸನ ಯಾಕೆ? ಕೆಂಪು ಡ್ರ್ಯಾಗನ್ನಿನ ಉಸಿರೇ ಬೆಂಕಿ. ರೇಷ್ಮೆ, ಓಲೆಗರಿ, ಕಡತ ಯಾವುದೂ ಉಳಿದಿರುವುದಿಲ್ಲ. ಆದರೆ ನಮ್ಮ ನಾಡಿನ ಅರಸರು ಭೂಮಿ ದಾನ ಕೊಟ್ಟದ್ದನ್ನು ತಾಮ್ರದ ಹಲಗೆಗಳ ಮೇಲೆ ಕೆತ್ತಿಸಿ, ಹಲಗೆಗಳನ್ನು ಬಳೆಯೊಂದಕ್ಕೆ ಪೋಣಿಸಿ, ಬೆಸುಗೆಯ ಮೇಲೆ ಮುದ್ರೆ ಒತ್ತುತ್ತಿದ್ದರು. ತಲಕಾಡಿನ ಗಂಗರ ಮುದ್ರೆಯಲ್ಲಿ ಆನೆ. ಅಂಥ ಐದು ಹಲಗೆ ನಿಮ್ಮ ಗುಹೆಯ ಮೂಲೆಯಲ್ಲಿ ಮಸಿ ಹಿಡಿದು ಬಿದ್ದಿರಲಿ. ಒರೆಸಿದರೆ ಅಕ್ಷರ: ಹೊಳೆಯ ಎಡದಂಡೆಯ ಮೂರು ಊರು, ಒಂದು ಕೆರೆ, ಅದರ ಕೆಳಗಿನ ಗದ್ದೆ, ಸೂರ್ಯಚಂದ್ರರು ಇರುವವರೆಗೆ ಇಂಥವರಿಗೆ ಸೇರತಕ್ಕದ್ದು. ಆ ಮನೆತನ ಈಗ ಎಲ್ಲಿದೆ? ಆ ಊರುಗಳನ್ನು ಈಗ ಯಾರು ಉಣ್ಣುತ್ತಿದ್ದಾರೆ? ಇದನ್ನು ಅಂಗಡಿಯಲ್ಲಿ ಮಾರಲಾಗದು. ಒಪ್ಪಿಸಬೇಕು, ಇಲ್ಲವೇ ಅಡಗಿಸಬೇಕು, ಇಲ್ಲವೇ ಅದನ್ನು ಹಿಡಿದು ಅರಸನ ಮುಂದೆ ನಿಲ್ಲಬೇಕು. ಮೂರರಲ್ಲಿ ಯಾವುದನ್ನು ಆರಿಸಿಕೊಂಡರೂ ನಿಮಗೆ ಎರಡು ತಿಂಗಳ ಆಟ ಸಿಕ್ಕಿತು.

ಈಗ ಗುಹೆಯೊಳಗಿನ ಆ ಮೊದಲ ಗಳಿಗೆ. ದಯವಿಟ್ಟು ಪಟ್ಟಿ ಓದಬೇಡಿ. ಪಟ್ಟಿ ಓದಿದ ಕೂಡಲೇ ಎಲ್ಲರೂ ಫೋನ್ ತೆಗೆದು ಕ್ಯಾಲ್ಕ್ಯುಲೇಟರ್ ಒತ್ತುತ್ತಾರೆ. ಮೊದಲು ಮೈಗೆ ತಾಗುವುದನ್ನು ಹೇಳಿ: ನೆಲ ಇನ್ನೂ ಬೆಚ್ಚಗಿದೆ, ಗಾಳಿಯಲ್ಲಿ ಗಂಧಕದ ವಾಸನೆ. ಆಮೇಲೆ ರಾಶಿಯ ನಡುವೆ ಡ್ರ್ಯಾಗನ್ ಮಲಗುತ್ತಿದ್ದ ತಗ್ಗು. ಬೆಳ್ಳಿ 962 ಡಿಗ್ರಿಗೆ ಕರಗುತ್ತದೆ, ಚಿನ್ನ 1,064ಕ್ಕೆ, ತಾಮ್ರ 1,085ಕ್ಕೆ. ಆ ತಗ್ಗಿನಲ್ಲಿ ಬೆಳ್ಳಿ ಮಾತ್ರ ಕರಗಿ, ಚಿನ್ನ ತಾಮ್ರಗಳ ಸಂದಿಗೆ ಇಳಿದು, ಮತ್ತೆ ಗಟ್ಟಿಯಾಗಿ, ಎಲ್ಲ ಒಂದೇ ಹಾಸಿನಂತೆ ಕೂತಿದೆ. ನಾಣ್ಯದ ಅಂಚುಗಳು ಕಾಣುತ್ತವೆ, ಕೈಗೆ ಬರುವುದಿಲ್ಲ. ಫೈಟರ್ ಉಳಿ ಸುತ್ತಿಗೆ ಹಿಡಿದು ಕೂರಬೇಕು. ಬಿಡಿಸಿ ತಂದರೂ ಬೇರ್ಪಡಿಸಲು ಅಕ್ಕಸಾಲಿಗರು ಬೇಕು, ಅವರ ಬಾಯಿಂದ ಊರಿಗೆ ಸುದ್ದಿ ಹೋಗುತ್ತದೆ. ಇಷ್ಟು ವಿವರ ಕೊಟ್ಟರೆ ನಿಮ್ಮ ಮೇಜಿನ ಸುತ್ತ ಯಾರೂ ಫೋನ್ ಮುಟ್ಟುವುದಿಲ್ಲ.

ನಾಣ್ಯಗಳಿಗೂ ಮುಖ ಕೊಡಿ. ಶ್ರೀರಂಗಪಟ್ಟಣದಿಂದ 1638ರಿಂದ 1659ರವರೆಗೆ ಆಳಿದ ರಣಧೀರ ಕಂಠೀರವ ನರಸರಾಜ ಒಡೆಯರು ಹೊರಡಿಸಿದ ಚಿನ್ನದ ಹಣ ಅರ್ಧ ಗ್ರಾಂ ಕೂಡ ಇಲ್ಲ, ಬೆರಳ ತುದಿಗೆ ಅಂಟಿಕೊಳ್ಳುವಷ್ಟು ಚಿಕ್ಕದು. ವರಹ ಸುಮಾರು 3.4 ಗ್ರಾಂ. ಆಟದ ನಾಣ್ಯ ಇವೆಲ್ಲಕ್ಕಿಂತ ದಪ್ಪ, ಒಂಬತ್ತು ಗ್ರಾಂ ಬರುತ್ತದೆ. ನಿಮ್ಮ ಲೋಕದಲ್ಲಿ ಒಂದು ಅಳಿದ ಮನೆತನ ಇಂಥ ಸಣ್ಣ ಹಣ ಹೊಡೆಸುತ್ತಿತ್ತು ಅನ್ನಿ, ಇನ್ನೊಂದು ಟಿಪ್ಪುವಿನ ತಾಮ್ರದ ಕಾಸಿನಂತೆ ಆನೆ ಒತ್ತಿಸುತ್ತಿತ್ತು ಅನ್ನಿ. ರಾಶಿಯಲ್ಲಿ ಯಾವುದು ಮೇಲೆ, ಯಾವುದು ಅಡಿಯಲ್ಲಿ ಎಂದು ನೋಡಿದರೆ ಡ್ರ್ಯಾಗನ್ ಯಾವ ಊರನ್ನು ಮೊದಲು ಸುಟ್ಟಿತು ಎಂಬುದು ತಿಳಿಯುತ್ತದೆ. ನಿಮ್ಮ ವಿಝಾರ್ಡ್ ಇತಿಹಾಸ ಬಲ್ಲವನಾದರೆ ಅವನಿಗೆ ಇದಕ್ಕಿಂತ ದೊಡ್ಡ ಬಹುಮಾನ ಬೇಡ.

ಕ್ಲೆರಿಕ್ ವಿಷಯಕ್ಕೆ ಬರುತ್ತೇನೆ, ಏಕೆಂದರೆ ನಿಮ್ಮ ಪ್ರಶ್ನೆಯಲ್ಲಿ ನನ್ನನ್ನು ಹೆಚ್ಚು ಹಿಡಿದದ್ದು ಆ ಒಂದು ವಾಕ್ಯ. ಅವರ ಹುಟ್ಟೂರು ಸುಟ್ಟುಹೋಗಿದೆ. ಹಾಗಾದರೆ ಆ ಊರಿನ ಗುಡಿಯ ಗಂಟೆ ಈ ಗುಹೆಯಲ್ಲಿದೆ. ಕಂಚಿನದು, ಮುನ್ನೂರು ಪೌಂಡ್ ತೂಕ, ಕುಸುರಿ ಸಾಮಾನಿನ ಲೆಕ್ಕದಲ್ಲಿ 2,500 ಚಿನ್ನದ ಬೆಲೆ. ಇದನ್ನು ನೀವು ಹೇಳಬೇಡಿ, ಅವರಿಗೇ ಸಿಗಲಿ. ಗಂಟೆಯ ಅಂಚಿನಲ್ಲಿ ಕೊಡಿಸಿದವರ ಹೆಸರು ಕೆತ್ತಿರುತ್ತದೆ. ಆ ಹೆಸರನ್ನು ಒಂದು ಚೀಟಿಯಲ್ಲಿ ಬರೆದು ಆ ಆಟಗಾರರ ಕೈಗಿಟ್ಟು, ಇದು ನಿಮ್ಮ ಅಜ್ಜಿಯ ಹೆಸರು, ಎಂದಷ್ಟೇ ಹೇಳಿ. ಮುನ್ನೂರು ಪೌಂಡಿನ ಗಂಟೆಗಾಗಿ ಹದಿನೈದು ಸಾವಿರ ನಾಣ್ಯ ಬಿಟ್ಟುಬರಲು ಅವರು ಸಿದ್ಧರಿರುತ್ತಾರೆ, ಮಿಕ್ಕ ನಾಲ್ವರು ಅದನ್ನು ಹೊರಲು ಹೆಗಲು ಕೊಡುತ್ತಾರೋ ಇಲ್ಲವೋ ಎಂಬುದು ಆ ಭಾನುವಾರದ ನಿಜವಾದ ಆಟ. ಮಿಕ್ಕವರಿಗೂ ಒಂದೊಂದು ಇಂಥ ವಸ್ತು ಯೋಚಿಸಿ. ದಶಾವತಾರ ಗಂಜೀಫಾ ಎಂಬ ಹಳೆಯ ಇಸ್ಪೀಟೆಲೆಗಳ ಒಂದು ಪೆಟ್ಟಿಗೆ ಇರಲಿ, 120 ಎಲೆಗಳಲ್ಲಿ ಒಂದೆಲೆ ಇಲ್ಲ. ಗಂಜೀಫಾವನ್ನು ಅಷ್ಟು ಪ್ರೀತಿಯಿಂದ ಬೆಳೆಸಿ ಹೊಸ ಆಟಗಳನ್ನೇ ಹೆಣೆದ ಮುಮ್ಮಡಿ ಕೃಷ್ಣರಾಜ ಒಡೆಯರ ಊರಿನಲ್ಲಿ ಕೂತು ಆಡುವವರು ನೀವು, ಇಂಥದ್ದು ನಿಮ್ಮ ನಿಧಿಯಲ್ಲಿ ಇರಲೇಬೇಕು. ಬೆಂಕಿಯಲ್ಲಿ ಅದು ಹೇಗೆ ಉಳಿಯಿತು ಎಂದು ಕೇಳುತ್ತಾರೆ. ಕೇಳಲಿ, ಪೆಟ್ಟಿಗೆಗೆ ಮಂತ್ರದ ರಕ್ಷೆ ಇತ್ತು, ಯಾಕೆ ಇತ್ತು ಎಂಬುದು ಮುಂದಿನ ಕಥೆ.

ಇಷ್ಟೆಲ್ಲ ಹಿನ್ನೆಲೆ ಆಟಗಾರರಿಗೆ ತಿಳಿಯುವುದು ಹೇಗೆ? ನಿಯಮಪುಸ್ತಕವೇ ದಾರಿ ಕೊಟ್ಟಿದೆ. ಕೆಂಪು ಡ್ರ್ಯಾಗನ್ನಿಗೆ ತನ್ನ ನಿಧಿಯ ಒಂದೊಂದು ವಸ್ತುವಿನ ಬೆಲೆ, ಮೂಲ, ಇಟ್ಟ ಜಾಗ ಎಲ್ಲ ಗೊತ್ತಿರುತ್ತದೆ, ಒಂದು ನಾಣ್ಯ ಕಾಣೆಯಾದರೂ ಪತ್ತೆ ಹಚ್ಚುತ್ತದೆ ಎನ್ನುತ್ತದೆ ಅದು. ಡ್ರ್ಯಾಗನ್ ಸತ್ತಿದೆ, ಆದರೆ ಅದರ ಸೇವೆಗಿದ್ದ ಕೋಬಾಲ್ಡ್ ಎಂಬ ಕುಳ್ಳ ಜೀವಿಯೊಂದು ಬದುಕಿರಲಿ. ಅದರ ಕೆಲಸ ಈ ಲೆಕ್ಕ ಒಪ್ಪಿಸುವುದು. ದಿನಾ ಸಂಜೆ ಒಡೆಯನ ಮುಂದೆ ನಿಂತು ಎಲ್ಲವನ್ನೂ ಪಾಠ ಒಪ್ಪಿಸಬೇಕಿತ್ತು, ತಪ್ಪಿದರೆ ಬೂದಿ. ಈಗ ಒಡೆಯನಿಲ್ಲ, ಆದರೂ ಸಂಜೆಯಾದರೆ ಅದು ಒಪ್ಪಿಸಲು ಶುರುಮಾಡುತ್ತದೆ. ಇದನ್ನು ಕೊಲ್ಲಬೇಡಿ ಎಂದು ನೀವು ಬೇಡಿಕೊಳ್ಳಬೇಕಾಗುವುದಿಲ್ಲ, ಅವರೇ ಹೊತ್ತೊಯ್ಯುತ್ತಾರೆ. ಡ್ರ್ಯಾಗನ್ನಿನ ಬಣ್ಣ ಬೇರೆಯಾಗಿದ್ದರೆ ನಿಧಿಯ ಸ್ವಭಾವವೂ ಬೇರೆ: ಬಿಳಿಯದ್ದು ಹಿಮದೊಳಗೆ ಹೆಪ್ಪುಗಟ್ಟಿರುತ್ತದೆ, ಕಪ್ಪಿನದ್ದರಲ್ಲಿ ಅಳಿದ ರಾಜ್ಯಗಳ ಪಳೆಯುಳಿಕೆ. ಮುಂದೆ ಬೇಕಾಗಬಹುದು ಎಂದು ಹೇಳಿದೆ.

ಹಂಚಿಕೆ. ಮಂಡ್ಯದವರಾದ ನಿಮಗೆ ಶ್ರೀರಂಗಪಟ್ಟಣದ ಉದಾಹರಣೆಗಿಂತ ಹತ್ತಿರದ್ದು ಇನ್ನೊಂದಿಲ್ಲ. 1799ರ ಮೇ 4ರಂದು ಕೋಟೆ ಬಿದ್ದ ಮೇಲೆ ರಾತ್ರಿಯಿಡೀ ಲೂಟಿ. ಸೈನಿಕರು ಕೈಗೆ ಸಿಕ್ಕ ಒಡವೆಗಳನ್ನು ಸೇನೆಯ ಬಜಾರಿನಲ್ಲಿ ಸಿಕ್ಕಿದ ಬೆಲೆಗೆ ಮಾರಿದರು. ಊರಿನ ಉಸ್ತುವಾರಿ ವಹಿಸಿಕೊಂಡ ಆರ್ಥರ್ ವೆಲ್ಲೆಸ್ಲಿ ಕೆಲವರನ್ನು ಗಲ್ಲಿಗೇರಿಸಿದ ಮೇಲೆಯೇ ಅದು ನಿಂತಿದ್ದು. ಆಮೇಲೆ ಲೂಟಿಯ ಲೆಕ್ಕ ಹಾಕಿ ಹಂಚಲು ಒಂದು ಸಮಿತಿ ಕೂತಿತು. ಟಿಪ್ಪುವಿನ ಚಿನ್ನದ ತಗಡಿನ ಹುಲಿ ಸಿಂಹಾಸನವನ್ನು ಹಾಗೇ ಇಡಿಯಾಗಿ ಹಂಚುವುದು ಹೇಗೆ? ಒಡೆದರು. ಗವರ್ನರ್ ಜನರಲ್ಲಿಗೆ ಅದು ಇಡಿಯಾಗಿ ಬೇಕಿತ್ತು, ಅಷ್ಟರಲ್ಲಿ ಚೂರಾಗಿತ್ತು. ಮೇಲಿದ್ದ ಹುಮಾ ಪಕ್ಷಿ ಮತ್ತು ದೊಡ್ಡ ಹುಲಿಯ ತಲೆ ಇವತ್ತು ಬ್ರಿಟನ್ನಿನ ಅರಮನೆಯ ಸಂಗ್ರಹದಲ್ಲಿವೆ, ರತ್ನ ಕೂರಿಸಿದ ಸಣ್ಣ ಹುಲಿತಲೆಗಳು ದಿಕ್ಕಾಪಾಲಾದವು.

ನಿಮ್ಮ ಗುಹೆಯಲ್ಲಿ ಆ ಸಿಂಹಾಸನ ಇಟ್ಟಿದ್ದು ಇದಕ್ಕೇ. ಇಡಿಯಾಗಿ ಅದಕ್ಕೆ ಒಂದು ಲಕ್ಷ, ತಗಡು ಕಿತ್ತು ಕರಗಿಸಿದರೆ ಎಂಟು ಸಾವಿರವೂ ಬರುವುದಿಲ್ಲ. ಇಡಿಯಾಗಿ ಒಯ್ಯಲು ಗಾಡಿ ಬೇಕು, ಗಾಡಿಗೆ ದಾರಿ ಬೇಕು, ಎಂಟು ದಿನ ಬೇಕು. ಅಷ್ಟರೊಳಗೆ ಡ್ರ್ಯಾಗನ್ ಸತ್ತ ಸುದ್ದಿ ಕೇಳಿ ಬರುವವರು ಯಾರು ಯಾರು ಎಂದು ಯೋಚಿಸಿಡಿ: ಪಕ್ಕದ ಪಾಳೆಯಗಾರ, ಸುಟ್ಟ ಊರಿನ ನಿರಾಶ್ರಿತರು, ಇನ್ನೊಂದು ಡ್ರ್ಯಾಗನ್. ಅವರಲ್ಲಿ ಇಬ್ಬರು ಸಾಕು. ಕತ್ತಿಯಿಂದ ಓಡಿಸಲಾಗದವರು ಇದ್ದರೆ ಒಳ್ಳೆಯದು. ನಿರಾಶ್ರಿತರ ಮುಂದೆ ಕತ್ತಿ ಎತ್ತುವ ಮನಸ್ಸು ಯಾರಿಗಿದೆ?

ಹಕ್ಕುದಾರಿಕೆಯ ಪ್ರಶ್ನೆ ಎಷ್ಟು ದೂರ ಹೋಗಬಹುದು ಎನ್ನುವುದಕ್ಕೆ ಅಲಮೇಲಮ್ಮನ ಐತಿಹ್ಯ ಸಾಕು. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣ ಹಿಡಿದ ಮೇಲೆ, ರಂಗನಾಯಕಿ ಅಮ್ಮನವರಿಗೆ ತೊಡಿಸುತ್ತಿದ್ದ ಒಡವೆ ಆಕೆಯ ಬಳಿ ಇತ್ತೆಂದು ಕೇಳಿದರು, ಆಕೆ ಮುತ್ತಿನ ಮೂಗುತಿಯೊಂದನ್ನು ಕೊಟ್ಟು ಮಿಕ್ಕದ್ದರೊಂದಿಗೆ ಮಾಲಂಗಿಯಲ್ಲಿ ಕಾವೇರಿಗೆ ಹಾರಿದಳು, ಶಾಪ ಉಳಿಯಿತು. ದೇವಸ್ಥಾನ, ವಿಧವೆ, ಅರಸ, ಮೂವರಿಗೂ ನ್ಯಾಯವಿದೆ ಅನ್ನಿಸುವ ಒಡವೆ. ನಿಮ್ಮ ನಿಧಿಯಲ್ಲಿ ಇಂಥದ್ದು ಒಂದಿರಲಿ, ಒಂದೇ ಇರಲಿ. ಎಲ್ಲಕ್ಕೂ ಹಕ್ಕುದಾರರು ಬಂದರೆ ಆಟಗಾರರು ರೋಸಿಹೋಗುತ್ತಾರೆ. ಗೆದ್ದದ್ದರಲ್ಲಿ ಬಹುಪಾಲು ಅವರಿಗೇ ಸೇರಬೇಕು.

ಅರಸನ ಕಾನೂನು ಏನೆಂದು ಕೇಳಿದರೆ ಬ್ರಿಟಿಷರು 1878ರಲ್ಲಿ ತಂದ ನಿಧಿ ಕಾಯ್ದೆಯನ್ನು ಅಳತೆಗೋಲಾಗಿ ಇಟ್ಟುಕೊಳ್ಳಿ. ಹತ್ತು ರೂಪಾಯಿಗಿಂತ ಹೆಚ್ಚಿನ ನಿಧಿ ಸಿಕ್ಕವನು ಕಲೆಕ್ಟರಿಗೆ ತಿಳಿಸಬೇಕು. ಅವರು ಸಾರಿಸಿ ಹಕ್ಕುದಾರರಿಗೆ ಕಾಲಾವಕಾಶ ಕೊಡಬೇಕು. ವಾರಸುದಾರರಿಲ್ಲವೆಂದು ತೀರ್ಮಾನವಾದರೆ, ಬೇರೆ ಒಪ್ಪಂದ ಇಲ್ಲದಿದ್ದಲ್ಲಿ, ಸಿಕ್ಕವನಿಗೆ ಮುಕ್ಕಾಲು ಪಾಲು, ನೆಲದ ಒಡೆಯನಿಗೆ ಕಾಲು ಪಾಲು. ಆಟಕ್ಕೆ ಇದು ಸರಿಯಾಗಿ ಕೂರುತ್ತದೆ: ಮುಕ್ಕಾಲು ಸಿಕ್ಕರೆ ಯಾರಿಗೂ ಸಿಟ್ಟಿಲ್ಲ, ಕಾಲು ಕೊಡುವುದಕ್ಕೆ ಮಾತ್ರ ಗುಡ್ಡದ ಒಡೆಯ ಯಾರೆಂದು ಹುಡುಕಬೇಕು.

ಮಾರಾಟದ ಬಗ್ಗೆ ಎರಡೇ ಮಾತು. ಆಟದಲ್ಲಿ ಕೂಲಿಯಾಳಿನ ದಿನಗೂಲಿ ಎರಡು ಬೆಳ್ಳಿ, ವರ್ಷಕ್ಕೆ 73 ಚಿನ್ನ. ನಿಮ್ಮ ನಿಧಿ ನಾಲ್ಕು ಸಾವಿರದ ನಾನೂರು ಕೂಲಿಗಳ ವರ್ಷದ ದುಡಿಮೆ. ಯಾವ ಪೇಟೆಯ ಸಾಹುಕಾರನೂ ಒಂದೇ ದಿನ ಇದನ್ನು ಕೊಳ್ಳಲಾರ. ತಿಂಗಳಿಗೆ ಒಂದು ಪಟ್ಟಣದಲ್ಲಿ ಹತ್ತು ಸಾವಿರದ ಮಾಲು ಪೂರ್ಣ ಬೆಲೆಗೆ ಹೋಗುತ್ತದೆ, ಮಿಕ್ಕದ್ದಕ್ಕೆ ಅರ್ಧ ಬೆಲೆ ಎಂದು ಒಂದು ಮಿತಿ ಹಾಕಿ, ಮುಂದಕ್ಕೆ ಹೋಗಿ. ಕೊಳ್ಳಲು ಏನಿದೆ ಅಂದರೆ ಕಟ್ಟಡ: 2014ರ ನಿಯಮದಲ್ಲಿ ಸಣ್ಣ ಕೋಟೆಗೆ 50,000 ಚಿನ್ನ, 400 ದಿನ. ದೇವಾಲಯಕ್ಕೂ ಅಷ್ಟೇ. ಸುಟ್ಟ ಊರನ್ನು ಮತ್ತೆ ಕಟ್ಟಿಸುತ್ತೇವೆ ಎಂದು ಕ್ಲೆರಿಕ್ ಹೇಳಿದ ದಿನ ನಿಮ್ಮ ಚಿನ್ನಕ್ಕೆ ಕೆಲಸ ಸಿಕ್ಕಿತು.

ಆ ಒಂಬತ್ತು ವಜ್ರಗಳನ್ನು ಮಾತ್ರ ಹಣವೆಂದು ಎಣಿಸಬೇಡಿ. 13ನೇ ಲೆವೆಲ್ಲಿನ ಕ್ಲೆರಿಕ್ ಸತ್ತವರನ್ನು ಬದುಕಿಸುವ ರಿಸರೆಕ್ಷನ್ ಮಂತ್ರ ಹಾಕಬಲ್ಲರು, ಅದಕ್ಕೆ ಒಂದು ಸಲಕ್ಕೆ ಸಾವಿರ ಬೆಲೆಯ ಒಂದು ವಜ್ರ ಖರ್ಚಾಗುತ್ತದೆ. ಒಂಬತ್ತು ವಜ್ರ ಎಂದರೆ ಒಂಬತ್ತು ಜೀವ. ಅವು ಇಡೀ ತಂಡದ್ದು, ಕ್ಲೆರಿಕ್ ಬಳಿ ಇರಲಿ ಎಂದು ಮೊದಲೇ ಒಪ್ಪಿಸಿಬಿಡಿ.

ಮಾಂತ್ರಿಕ ವಸ್ತುಗಳಿಗೆ ದಾಳ ಹಾಕಲೇಬೇಡಿ, ನೀವೇ ಆರಿಸಿ. ನಾಲ್ಕು ಸಾಕು. ಕೆಲವು ವಸ್ತುಗಳ ಶಕ್ತಿ ಸಿಗಬೇಕಾದರೆ ಪಾತ್ರ ಅವುಗಳೊಂದಿಗೆ ಬೆಸೆದುಕೊಳ್ಳಬೇಕು, ಅದೇ ಅಟ್ಯೂನ್‌ಮೆಂಟ್. ಒಬ್ಬರಿಗೆ ಅಟ್ಯೂನ್‌ಮೆಂಟ್ ಮೂರೇ, ಈ ಲೆವೆಲ್ಲಿಗೆ ಬಹುತೇಕರದ್ದು ತುಂಬಿರುತ್ತದೆ. ಆದ್ದರಿಂದ ಅಟ್ಯೂನ್‌ಮೆಂಟ್ ಬೇಡದ ಎರಡು, ಬೇಕಾದದ್ದು ಒಂದು, ಬೆಳೆಯುವಂಥದ್ದು ಒಂದು. 2021ರಲ್ಲಿ ಬಂದ ಅಧಿಕೃತ ಡ್ರ್ಯಾಗನ್ ಪೂರಕದಲ್ಲಿ ನಿಧಿಯಲ್ಲಿದ್ದೇ ಶಕ್ತಿ ಹೀರುವ ವಸ್ತುಗಳಿವೆ, ನಾಲ್ಕು ಹಂತದಲ್ಲಿ ಬೆಳೆಯುತ್ತವೆ. ಮುಂದಿನ ಹಂತಕ್ಕೆ ಇನ್ನೂ ಬಲವಾದ ಡ್ರ್ಯಾಗನ್ನಿನ ನಿಧಿ ಬೇಕು. ಅದನ್ನು ಒಬ್ಬರ ಕೈಗೆ ಕೊಟ್ಟರೆ ಮುಂದಿನ ಗುಹೆಯನ್ನು ಅವರೇ ಹುಡುಕಿಕೊಂಡು ಹೋಗುತ್ತಾರೆ. ಹಂಚುವಾಗ ಸರದಿ: ಒಬ್ಬರು ಆರಿಸಿದ ಮೇಲೆ ಇನ್ನೊಬ್ಬರು, ಎರಡನೇ ಸುತ್ತಿನಲ್ಲಿ ತಿರುಗುಮುರುಗು.

ಕೊನೆಗೆ ಆ ಮೆಸೇಜ್. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ, ಏಕೆಂದರೆ ಇಲ್ಲಿ ಕದಿಯುವುದು ಪಾತ್ರವಾದರೂ ಬೇಸರ ಆಗುವುದು ಎದುರು ಕೂತ ಗೆಳೆಯರಿಗೆ. ನೀವು ಗುಟ್ಟಾಗಿ ಹ್ಞೂಂ ಅಂದರೆ ನೀವೂ ಅದರಲ್ಲಿ ಪಾಲುದಾರರು. ಭಾನುವಾರಕ್ಕೆ ಮೊದಲು ಆಕೆಗೆ ಫೋನ್ ಮಾಡಿ, ಏನು ಆಸೆ ಎಂದು ಕೇಳಿ. ಎರಡರಲ್ಲಿ ಒಂದಿರುತ್ತದೆ. ತನ್ನ ಪಾತ್ರಕ್ಕೆ ಹಂಚಿಕೆಯಲ್ಲಿ ಯಾವಾಗಲೂ ಕಡಿಮೆ ಬರುತ್ತದೆ ಎಂಬ ಕೊರಗು ಇದ್ದರೆ, ಅದು ನಿಜವಾದ ದೂರು, ಸರದಿ ಹಂಚಿಕೆಯಲ್ಲಿ ಮೊದಲ ಆಯ್ಕೆ ಆಕೆಗೆ ಕೊಟ್ಟು ಸರಿಮಾಡಿ. ಕಳ್ಳಿಯ ಪಾತ್ರ ಆಡುವ ಖುಷಿಗೆ ಕೇಳಿದ್ದರೆ, ಕದಿಯಲಿ, ಆದರೆ ಮೇಜಿನ ಮೇಲೆ ಎಲ್ಲರಿಗೂ ಕೇಳುವಂತೆ ಹೇಳಿ ಕದಿಯಲಿ. ಆಟಗಾರರಿಗೆ ಗೊತ್ತು, ಪಾತ್ರಗಳಿಗೆ ಗೊತ್ತಿಲ್ಲ. ಈ ಒಪ್ಪಂದಕ್ಕೆ ಮಿಕ್ಕವರು ಒಪ್ಪಿದರೆ ಅದರಷ್ಟು ಚೆಂದದ ಆಟ ಇನ್ನೊಂದಿಲ್ಲ. ಯಾರಾದರೂ ಒಬ್ಬರು ಬೇಡ ಅಂದರೂ ಬೇಡ. ಒಪ್ಪಿದರೆ ಆ ಹರಳು ಯಾವುದೆಂದು ನೀವು ಆರಿಸಿ: ಕೋಬಾಲ್ಡ್ ಸಂಜೆ ಲೆಕ್ಕ ಒಪ್ಪಿಸುತ್ತಾ ಬಂದು, ಆ ಒಂದು ಹರಳಿನ ಹೆಸರಿಗೆ ತಡೆದು ನಿಂತು, ಗುಂಪಿನಲ್ಲಿ ಒಬ್ಬೊಬ್ಬರ ಮುಖವನ್ನೂ ನೋಡಲಿ.